ನೀರು ಮೆತ್ತಗಾದ ಗಳಿಗೆ

ಸಂಪಿಗೆ
೨೨ ಜನವರಿ ೧೯೮೪

ಯಜಮಾನರಿಗೆ ಗಿರಿಜಾ ಮಾಡುವ ನಮಸ್ಕಾರ.

ಸೀಮಂತ ಮುಗಿಸಿ ಅಪ್ಪನ ಜೊತೆ ಹೊರಟವಳು ತವರಿಗೆ ಸುಖವಾಗಿ ಬಂದು ಸೇರಿದೆ. ತುರುವೇಕೆರೆಯಲ್ಲಿ ಬಸ್ಸು ಬದಲಾಯಿಸುವಾಗ ಸ್ವಲ್ಪ ತಲೆ ಸುತ್ತಿತು. ಎಳನೀರು ಕುಡಿದ ಮೇಲೆ ಸರಿಹೋಯಿತು. ಇಲ್ಲಿ ನನಗೆ ಕೊಟ್ಟಿರುವುದು ಅಟ್ಟದ ಕೆಳಗಿನ ಕೋಣೆ. ಮೇಲೆ ಈ ವರ್ಷದ ಕಾಯಿಯೆಲ್ಲ ಕೊಬ್ಬರಿಯಾಗಲೆಂದು ಬಿದ್ದಿದೆ. ಮಲಗಿದ್ದಾಗ ಒಂದೊಂದು ಸಲ ಯಾರೂ ಮುಟ್ಟದೆ ಒಂದು ಕಾಯಿ ಉರುಳಿ ಇನ್ನೊಂದಕ್ಕೆ ತಾಗುತ್ತದೆ. ಅದರೊಳಗಿನ ನೀರು ಸದ್ದಿಲ್ಲದೆ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸುತ್ತಾ ಕಣ್ಣು ಮುಚ್ಚುತ್ತೇನೆ. ಹೊಟ್ಟೆಯಲ್ಲಿರುವ ಕೂಸಿಗೆ ಸರಿಯಾಗಿ ಆಗ ಎಚ್ಚರವಾಗುತ್ತದೆ.

ಒಂದು ಮಾತು ಮೊದಲೇ ಹೇಳಬೇಕು. ನಿಮ್ಮ ಕಾಗದ ಬಂದರೆ ನಾನೊಬ್ಬಳೇ ಓದಿಕೊಳ್ಳುವ ಹಾಗಿಲ್ಲ. ಅಜ್ಜಿ ಶಿವರುದ್ರಮ್ಮನಿಗೆ ಓದು ಬರುವುದಿಲ್ಲ. ಆದರೆ ಈ ಮನೆಗೆ ಬಂದ ಕಾಗದವನ್ನೆಲ್ಲ ಪಡಸಾಲೆಯಲ್ಲಿ ಗಟ್ಟಿಯಾಗಿ ಓದಬೇಕೆಂಬುದು ಅವಳು ಮಾಡಿದ ಕಟ್ಟಳೆ. ಅಪ್ಪ ಕಂಬಕ್ಕೆ ಒರಗಿ ಕೂರುತ್ತಾರೆ, ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಆದ್ದರಿಂದ ಎಲ್ಲರೆದುರು ಓದುವಂಥದ್ದನ್ನು ಮಾತ್ರ ಬರೆಯಿರಿ. ಇಲ್ಲವಾದರೆ ನೀವು ಬೇರೇನೋ ಬರೆದುಬಿಡುತ್ತಿದ್ದಿರಿ ಎಂದಲ್ಲ. ಮದುವೆಯಾಗಿ ವರ್ಷದ ಮೇಲಾಯಿತು. ಕ್ವಾರ್ಟರ್ಸಿನಲ್ಲಿ ನಾವಿಬ್ಬರೇ ಇದ್ದಾಗಲೂ ನಿಮ್ಮ ಬಾಯಿಂದ ನಾನು ಹೆಚ್ಚಾಗಿ ಕೇಳಿದ್ದು "ಉಪ್ಪು ಸರಿಯಾಗಿದೆ" ಎನ್ನುವುದನ್ನೇ.

ಅಜ್ಜಿ ನಿನ್ನೆ ಕೇಳಿದಳು: "ಅಲ್ಲ ಕಣೇ, ನಿನ್ ಗಂಡ ಬೆಂಕಿ ಆರ್ಸೋನು ಅಂತೀಯ. ಅಷ್ಟ್ ನೀರ ಅದ್ಯಾರು ಹೊತ್ಕಂಡ್ ಬತ್ತಾರೆ? ಅಟ್ಟದ್ ಮ್ಯಾಲಕ್ಕೆ ಅದ್ಯಾರು ಎಸೀತಾರೆ?"

ಪಂಪು ಎಂದೆ. "ಪಂಪು ಅಂದ್ರೆ?" ಎಂದಳು. ಮುಂದೆ ನನಗೆ ತೋಚಲಿಲ್ಲ. ಹೊಸ ಗಾಡಿಯ ಪಂಪಿನ ತರಬೇತಿಗೆಂದು ನೀವು ಬೆಂಗಳೂರಿಗೆ ಹೋಗಿ ಬಂದಿರಲ್ಲ, ಅದನ್ನಾದರೂ ಬರೆಯಿರಿ.

ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮ
ಗಿರಿಜಾ


ತಿಪಟೂರು
೨ ಫೆಬ್ರವರಿ ೧೯೮೪

ಗಿರಿಜಾ,

ಕಾಗದ ಸೇರಿತು. ಅಜ್ಜಿಗೆ, ಮಾವನವರಿಗೆ, ಅತ್ತೆಯವರಿಗೆ ನನ್ನ ಶರಣು ತಿಳಿಸು. ಉಣ್ಣುತ್ತಿದ್ದೇನೆ. ಪಕ್ಕದ ಕ್ವಾರ್ಟರ್ಸಿನ ಲಿಯಾಕತ್ ಅಲಿಯ ಹೆಂಡತಿ ಅಫ್ಸರ್ ಬಾನು ದಿನವೂ ಏನಾದರೊಂದು ಪಲ್ಯ ಕಳಿಸುತ್ತಾರೆ.

ಅಜ್ಜಿಗೆ ಹೇಳು. ನಮ್ಮ ಗಾಡಿಯ ತೊಟ್ಟಿಯಲ್ಲಿ ಇರುವ ನೀರು ಸ್ವಲ್ಪ. ದೊಡ್ಡ ಬೆಂಕಿಯಾದರೆ ಕೆರೆಯ ಪಕ್ಕ ಗಾಡಿ ನಿಲ್ಲಿಸಿ ನೀರಿಗೆ ದಪ್ಪ ಪೈಪು ಇಳಿಬಿಡುತ್ತೇವೆ. ಪಂಪು ಇರುವುದು ಗಾಡಿಯ ಹಿಂಭಾಗದಲ್ಲಿ. ಅದರೊಳಗೆ ಒಂದು ಕಂಚಿನ ಚಕ್ರ, ಚಕ್ರದೊಳಗೆ ಬಾಗಿದ ರೆಕ್ಕೆಗಳು, ನಟ್ಟನಡುವೆ ಒಂದು ತೂತು. ಆ ತೂತಿಗೆ ಕಣ್ಣು ಎನ್ನುತ್ತೇವೆ. ಗಾಡಿ ಓಡಿಸುವ ಇಂಜಿನ್ನೇ, ಗಾಡಿ ನಿಂತಾಗ, ಈ ಚಕ್ರವನ್ನು ತಿರುಗಿಸುತ್ತದೆ. ನೀರು ಕಣ್ಣಿನಿಂದ ಒಳಗೆ ಬರುತ್ತದೆ, ರೆಕ್ಕೆಗಳ ನಡುವೆ ಸಿಕ್ಕಿ ಅಂಚಿಗೆ ಚಿಮ್ಮುತ್ತದೆ. ಚಕ್ರದ ಸುತ್ತ ಬಸವನಹುಳುವಿನ ಚಿಪ್ಪಿನಂಥ ಗೂಡು ಇದೆ. ಅದು ಸುತ್ತಿಕೊಂಡು ಹೋಗುತ್ತಾ ಅಗಲವಾಗುತ್ತದೆ. ಅಲ್ಲಿ ನೀರಿನ ಓಟ ತಗ್ಗಿ ಒತ್ತಡವಾಗುತ್ತದೆ. ಓಡಿ ಬಂದವನು ಗೋಡೆಗೆ ಕೈಕೊಟ್ಟು ನಿಂತರೆ ಗೋಡೆಯ ಮೇಲೆ ಭಾರ ಬೀಳುತ್ತದಲ್ಲ, ಹಾಗೆ.

ಆದರೆ ಈ ಚಕ್ರ ಗಾಳಿಯನ್ನು ಎಸೆಯಲಾರದು. ಪೈಪಿನೊಳಗೆ ಗಾಳಿ ಇದ್ದರೆ ಸುಮ್ಮನೆ ತಿರುಗುತ್ತಿರುತ್ತದೆ. ಮೊದಲು ಗಾಳಿಯನ್ನು ಹೊರಗೆ ಹಾಕಬೇಕು. ಹಾಕಿದ ಮೇಲೆ ಏನಾಗುತ್ತದೆ ಗೊತ್ತೇ? ನಾವು ನೀರನ್ನು ಎಳೆದೆವು ಎಂದುಕೊಳ್ಳುತ್ತೇವೆ, ಆದರೆ ಎಳೆಯುವುದು ನಾವಲ್ಲ. ಕೆರೆಯ ಮೇಲೆ ಆಕಾಶದವರೆಗೂ ಗಾಳಿ ಕೂತಿದೆ. ಅದರ ಭಾರ ನೀರನ್ನು ಒತ್ತಿ ಪೈಪಿನೊಳಗೆ ಏರಿಸುತ್ತದೆ. ಅದೂ ಇಷ್ಟೇ ಎತ್ತರಕ್ಕೆ ಎಂದು ಉಂಟು. ಆಳದ ಬಾವಿಯಾದರೆ ಆಕಾಶದ ಕೈಲೂ ಆಗುವುದಿಲ್ಲ. ತರಬೇತಿಯಲ್ಲಿ ಇದನ್ನು ಕಲಿತು ವಾಪಸು ಬಂದ ಮಾರನೆಯ ಸಂಜೆ ನಾನು ತಿಪಟೂರು ಕೆರೆಯ ಏರಿಯ ಮೇಲೆ ತುಂಬ ಹೊತ್ತು ಕೂತಿದ್ದೆ. ನಿನಗೆ ಹೇಳಿರಲಿಲ್ಲ.

ಬೆಂಕಿ ಬಿದ್ದಾಗ ಪೈಪಿನ ಮೂತಿ ಹಿಡಿದು ಮುಂದೆ ಹೋಗುವವನು ಲಿಯಾಕತ್. ನಾನು ಪಂಪಿನ ಹತ್ತಿರ ನಿಂತು ಒತ್ತಡ ತೋರಿಸುವ ಮುಳ್ಳು ನೋಡುತ್ತಿರುತ್ತೇನೆ. ಹಳೆಯ ಗಾಡಿಯ ಪಂಪಿಗೆ ಇದ್ದದ್ದು ಒಂದೇ ಚಕ್ರ. ಹೊಸದಕ್ಕೆ ಎರಡು. ಅದು ಇನ್ನೊಮ್ಮೆ.

ಇಂತು
ತೋಂಟದಾರ್ಯ


ಸಂಪಿಗೆ
೧೧ ಫೆಬ್ರವರಿ ೧೯೮೪

ಯಜಮಾನರಿಗೆ ನಮಸ್ಕಾರ.

ನಿಮ್ಮ ಕಾಗದ ಪಡಸಾಲೆಯಲ್ಲಿ ಎರಡು ಸಲ ಓದಿಸಿಕೊಂಡಿತು. ಅಜ್ಜಿ ಕೇಳಿ ಮುಗಿಸಿ, "ಅಂಗಾರೆ ಅದು ಕವಣೆ ಕಣೇ. ರಾಗಿ ಹೊಲದಲ್ಲಿ ಹಕ್ಕಿ ಓಡಿಸ್ತಿರ್ನಿಲ್ವಾ, ಸುತ್ತಿ ಸುತ್ತಿ ಬುಟ್ರೆ ಕಲ್ಲು ಹೋಯ್ತು. ಇಲ್ಲಿ ಕಲ್ಲಿನ್ ಬದ್ಲು ನೀರು, ಅಷ್ಟೇಯ," ಎಂದಳು. ಅಪ್ಪನಿಗೆ ಗಾಳಿಯ ವಿಷಯ ಹಿಡಿಸಿತು. ನಮ್ಮ ತೋಟದ ಪಂಪು ಗಾಳಿ ಹಿಡಿದಾಗ ಅವರು ಸಗಣಿ ನೀರು ಕದಡಿ ಹುಯ್ಯುತ್ತಾರೆ. "ನಮ್ಮದೂ ಅದೇ ಜಾತಿ ಕಣಮ್ಮ. ನಿಮ್ಮೆಜಮಾನ್ರಿಗೆ ಬರಿ," ಎಂದು ಹೆಮ್ಮೆಯಿಂದ ಎದ್ದು ಹೋದರು. ಅವ್ವ ಮಾತ್ರ ಒಳಗೆ ಹೋಗಿ ಪಾತ್ರೆ ತೊಳೆಯುತ್ತಾ, "ಮುಂದ್ಗಡೆ ಹೋಗೋದು ಅಳಿಯಂದ್ರಲ್ಲ, ಸದ್ಯ," ಎಂದುಕೊಂಡದ್ದು ಕೇಳಿಸಿತು. ಆಮೇಲೆ ಅವಳಿಗೇ ನಾಚಿಕೆಯಾಗಿರಬೇಕು. "ಆ ಸಾಬರ ಹೆಂಡ್ರು ಹೆಂಗವ್ಳೆ? ಮಕ್ಳೆಷ್ಟು?" ಎಂದು ವಿಚಾರಿಸಿದಳು.

ನಾನು ಒಂದು ಕನಸು ಕಂಡೆ. ನಮ್ಮ ಅಂಗಳಕ್ಕೆ ನೀರು ನಡೆದುಕೊಂಡು ಬಂತು. ಹರಿದುಕೊಂಡಲ್ಲ, ನಡೆದುಕೊಂಡು. ತುಳಸಿಕಟ್ಟೆ ಸುತ್ತಿ, ಹೊಸ್ತಿಲ ಹತ್ತಿರ ನಿಂತು, ಒಳಗೆ ಬರಲೇ ಎನ್ನುವ ಹಾಗೆ ನನ್ನ ಮುಖ ನೋಡಿತು. ಬಾ ಎಂದೆ. ಎಚ್ಚರವಾದಾಗ ಕೂಸು ಹೊಟ್ಟೆಯಲ್ಲಿ ಮಗ್ಗುಲು ಬದಲಿಸುತ್ತಿತ್ತು. ಇದನ್ನು ಇಲ್ಲಿ ಯಾರಿಗೂ ಹೇಳಿಲ್ಲ. ನನ್ನ ಕಾಗದವನ್ನು ಅಲ್ಲಿ ಯಾರೂ ಗಟ್ಟಿಯಾಗಿ ಓದುವುದಿಲ್ಲವಲ್ಲ.

ಕೆರೆ ಏರಿಯ ಮೇಲೆ ಕೂತಿದ್ದ ದಿನ ಮನೆಗೆ ತಡವಾಗಿ ಬಂದಿರಿ. ಡ್ಯೂಟಿ ಎಂದುಕೊಂಡು ನಾನು ಕೇಳಲಿಲ್ಲ.

ಎರಡು ಚಕ್ರ ಯಾಕೆ? ಒಂದಕ್ಕೆ ಆಗದ್ದು ಏನಿತ್ತು?

ನಿಮ್ಮ
ಗಿರಿಜಾ


ತಿಪಟೂರು
೨೦ ಫೆಬ್ರವರಿ ೧೯೮೪

ಗಿರಿಜಾ,

ನಿನ್ನ ಕಾಗದವನ್ನು ಠಾಣೆಯಲ್ಲಿ ಓದಲಿಲ್ಲ, ಮನೆಗೆ ತಂದು ಓದಿದೆ. ಆಮೇಲೆ ಕೆರೆ ಏರಿಗೆ ಹೋಗಿ ಬಂದೆ.

ಎರಡು ಚಕ್ರದ ವಿಷಯ ಅಜ್ಜಿಗೆ ನನಗಿಂತ ಚೆನ್ನಾಗಿ ಗೊತ್ತಿರಬಹುದು. ಹಿಂದಿನ ಕಾಲದಲ್ಲಿ ಹಳ್ಳದ ನೀರನ್ನು ಗದ್ದೆಗೆ ಹಾಯಿಸಲು ಇಬ್ಬರು ಎದುರುಬದುರು ನಿಂತು ಹಗ್ಗ ಕಟ್ಟಿದ ಗೂಡೆ ಬೀಸಿ ಎತ್ತುತ್ತಿದ್ದರಲ್ಲ. ಎರಡು ಜೋಡಿ ಜನ ಇದ್ದಾರೆ ಎಂದುಕೋ. ಗದ್ದೆ ತಗ್ಗಿನಲ್ಲಿದ್ದರೆ ಎರಡೂ ಜೋಡಿ ಅಕ್ಕಪಕ್ಕ ನಿಂತು ಎತ್ತುತ್ತಾರೆ. ನೀರು ಎರಡರಷ್ಟು ಬೀಳುತ್ತದೆ, ಎತ್ತರ ಅಷ್ಟೇ. ಗದ್ದೆ ದಿಬ್ಬದ ಮೇಲಿದ್ದರೆ? ಒಂದು ಜೋಡಿ ಹಳ್ಳದಿಂದ ನಡುಗುಂಡಿಗೆ ಎತ್ತಬೇಕು, ಇನ್ನೊಂದು ಜೋಡಿ ನಡುಗುಂಡಿಯಿಂದ ಮೇಲಕ್ಕೆ. ನೀರು ಒಂದು ಜೋಡಿಯ ಕೈಯಷ್ಟೇ, ಆದರೆ ಎತ್ತರ ಎರಡರಷ್ಟು.

ನಮ್ಮ ಪಂಪಿನ ಎರಡು ಚಕ್ರಗಳೂ ಒಂದೇ ಅಚ್ಚಿನ ಮೇಲೆ ಕೂತಿವೆ. ಪಕ್ಕದಲ್ಲಿ ಒಂದು ಹಿಡಿ ಇದೆ. ಅದನ್ನು ಒಂದು ಕಡೆಗೆ ತಿರುಗಿಸಿದರೆ ಎರಡೂ ಚಕ್ರ ಬೇರೆಬೇರೆಯಾಗಿ ನೀರು ತೆಗೆದುಕೊಂಡು ಒಟ್ಟಿಗೆ ಹೊರಗೆ ಬಿಡುತ್ತವೆ. ಬಣವೆಯೋ ತೆಂಗಿನ ಮಟ್ಟೆ ರಾಶಿಯೋ ಹತ್ತಿಕೊಂಡಾಗ ಇದು ಬೇಕು, ಸುಮ್ಮನೆ ನೀರು ಸುರಿಯಬೇಕು. ಇನ್ನೊಂದು ಕಡೆಗೆ ತಿರುಗಿಸಿದರೆ ಮೊದಲ ಚಕ್ರ ಎಸೆದ ನೀರು ಹೊರಗೆ ಹೋಗದೆ ಎರಡನೆಯದರ ಕಣ್ಣಿಗೆ ಬಂದು ಬೀಳುತ್ತದೆ. ಒತ್ತಡದ ಮೇಲೆ ಒತ್ತಡ. ನೀರು ಕಡಿಮೆ, ಆದರೆ ಉದ್ದನೆಯ ಪೈಪು ಹಾದು ಮಾಳಿಗೆ ಹತ್ತಿ ಅದರಾಚೆಗೂ ಹೋಗುತ್ತದೆ.

ಒಂದೇ ತೊಡಕು. ಇಂಜಿನ್ನು ಜೋರಾಗಿ ಓಡುತ್ತಿರುವಾಗ ಆ ಹಿಡಿ ತಿರುಗಿಸಬಾರದು. ಪಂಪಿಗೂ ಪೈಪಿಗೂ ಪೆಟ್ಟು ಬೀಳುತ್ತದೆ, ಪೈಪು ಹಿಡಿದವನು ಎಗರಿ ಬೀಳಬಹುದು. ಮೊದಲು ಇಂಜಿನ್ನು ತಗ್ಗಿಸಬೇಕು, ಆಮೇಲೆ ಹಿಡಿ ತಿರುಗಿಸಬೇಕು, ಮತ್ತೆ ನಿಧಾನವಾಗಿ ಏರಿಸಬೇಕು. ಅಲ್ಲಿಯವರೆಗೆ ಮುಂದಿರುವವನ ಕೈಯಲ್ಲಿ ನೀರು ಮೆತ್ತಗಾಗಿಬಿಡುತ್ತದೆ. ಅಭ್ಯಾಸದಲ್ಲಿ ಲಿಯಾಕತ್ ಪ್ರತಿ ಸಲ ಕೂಗುತ್ತಾನೆ, "ಏನ್ಲಾ, ನೀರಿಗೆ ನಿದ್ದೆ ಬಂತಾ?"

ನಿನ್ನ ಕನಸಿನ ಬಗ್ಗೆ ಏನು ಬರೆಯಬೇಕೋ ಗೊತ್ತಾಗಲಿಲ್ಲ.

ಇಂತು
ತೋಂಟದಾರ್ಯ


ಸಂಪಿಗೆ
೨ ಮಾರ್ಚ್ ೧೯೮೪

ಯಜಮಾನರಿಗೆ ನಮಸ್ಕಾರ.

ಶಿವರಾತ್ರಿ ಉಪವಾಸ ಮಾಡಲು ನನ್ನನ್ನು ಬಿಡಲಿಲ್ಲ. "ನಿನ್ ಹೊಟ್ಟೇಲಿರೋರು ಲಿಂಗ ಕಟ್ಸ್ಕಂಡಿಲ್ಲ, ಅವ್ರಿಗೇನು ಉಪಾಸ?" ಎಂದು ಅಜ್ಜಿ ಬಾಳೆಹಣ್ಣು ತಿನ್ನಿಸಿದಳು.

ಗೂಡೆಯ ಮಾತು ಓದುತ್ತಿದ್ದ ಹಾಗೇ ಅಜ್ಜಿ ಎದ್ದು ನಿಂತಳು. ನೋಡಬೇಕಿತ್ತು ನೀವು. ಈ ವಯಸ್ಸಿನಲ್ಲಿ ಸೆರಗು ಸಿಕ್ಕಿಸಿಕೊಂಡು, ಅಂಗಳದಲ್ಲಿ ಅಪ್ಪನನ್ನು ಎದುರು ನಿಲ್ಲಿಸಿಕೊಂಡು, ಇಲ್ಲದ ಹಗ್ಗ ಹಿಡಿದು ಇಲ್ಲದ ಗೂಡೆ ಬೀಸಿದಳು. "ಬಗ್ಗೋ, ಎತ್ತೋ, ಬುಡೋ," ಎಂದು ತಾಳ ಹಾಕಿದಳು. ತಾನೂ ತಾತನೂ ಕೆಳಗಡೆ, ತಾತನ ಅಣ್ಣ ಅತ್ತಿಗೆ ಮೇಲ್ಗಡೆ ಎಂದಳು. ಕೆಳಗಿನವರ ಮುಖ ಮೇಲಿನವರಿಗೆ ಕಾಣುತ್ತಿರಲಿಲ್ಲವಂತೆ. ನೀರು ಬಂದು ಬೀಳುವ ರೀತಿಯಲ್ಲೇ ಕೆಳಗಿರುವವರಿಗೆ ಆಯಾಸವಾಗಿದೆಯೋ, ಜಗಳವಾಡಿದ್ದಾರೋ ತಿಳಿಯುತ್ತಿತ್ತಂತೆ. ಅಪ್ಪ ನಗುತ್ತಾ ನಗುತ್ತಾ ಕೊನೆಗೆ ಕಣ್ಣು ಒರೆಸಿಕೊಂಡರು.

ದಿನಗಳು ಹತ್ತಿರವಾಗುತ್ತಿವೆ. ಬಿಸಿಲು ಏರಿದೆ. ತೋಟದ ಕಡೆಯಿಂದ ಬರುವ ಗಾಳಿಯಲ್ಲಿ ಒಣಗಿದ ಗರಿಯ ವಾಸನೆ. ನನಗೆ ಈಗ ಎಲ್ಲ ಸದ್ದೂ ನೀರಿನ ಸದ್ದಿನ ಹಾಗೆ ಕೇಳುತ್ತದೆ.

ನೀರು ಮೆತ್ತಗಾದಾಗ ಮುಂದಿರುವವರು ಏನು ಮಾಡುತ್ತಾರೆ? ಅದನ್ನು ನೀವು ಬರೆಯಲಿಲ್ಲ.

ನಿಮ್ಮ
ಗಿರಿಜಾ


ತಿಪಟೂರು
೧೭ ಮಾರ್ಚ್ ೧೯೮೪

ಗಿರಿಜಾ,

ನಾನು ಚೆನ್ನಾಗಿದ್ದೇನೆ. ಈಗ ಹೆಚ್ಚು ಬರೆಯಲು ಆಗುತ್ತಿಲ್ಲ.

ತೋಂಟದಾರ್ಯ


ಸಂಪಿಗೆ
೨೨ ಮಾರ್ಚ್ ೧೯೮೪

ಯಜಮಾನರಿಗೆ,

ಇಲ್ಲಿ ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ತಿಪಟೂರಿನಲ್ಲಿ ಕೊಬ್ಬರಿ ಗೋದಾಮಿಗೆ ಬೆಂಕಿ ಬಿತ್ತೆಂದು, ಫೈರಿನವರು ಯಾರೋ ಸುಟ್ಟುಕೊಂಡರೆಂದು ಅಪ್ಪ ತುರುವೇಕೆರೆಯಲ್ಲಿ ಕೇಳಿ ಬಂದಿದ್ದರು. ನನಗೆ ಹೇಳಲಿಲ್ಲ. ಆದರೆ ದಿನಾ ಅಂಚೆಯವನಿಗೆ ಕಾಯುತ್ತಾ ಜಗಲಿಯಲ್ಲಿ ಕೂರುತ್ತಿದ್ದರು. ನನಗೆ ಅಷ್ಟೇ ಸಾಕಾಯಿತು. ನಿಮ್ಮ ಕಾಗದ ಬಂದಾಗ ಅವರೇ ತಂದು ನನ್ನ ಕೈಗಿಟ್ಟರು. ವಿಳಾಸದಲ್ಲಿ ನಿಮ್ಮ ಅಕ್ಷರ ಗಟ್ಟಿಯಾಗಿತ್ತು. ಕೈಗೇನೂ ಆಗಿಲ್ಲ ಎಂದು ಸಮಾಧಾನವಾಯಿತು. ಒಡೆದು ನೋಡಿದರೆ ಎರಡೇ ಸಾಲು.

ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದರು. ಅಜ್ಜಿ, "ಓದೇ," ಎಂದಳು. ನಾನು ಓದಿದೆ.

ಬೆಂಕಿ ಆರಿತು, ಎಲ್ಲರೂ ಕ್ಷೇಮ, ಯಾರೋ ಒಬ್ಬರಿಗೆ ಸ್ವಲ್ಪ ಗಾಯ ಎಂದು ಓದಿದೆ. ಆಮೇಲೆ ನಿಲ್ಲಿಸಲು ಭಯವಾಯಿತು. ನಿಲ್ಲಿಸಿದರೆ ಕಾಗದ ಇಷ್ಟೇ ಚಿಕ್ಕದಾ ಎನ್ನುತ್ತಾರೆ. ಅದಕ್ಕೇ ಪಂಪಿನ ವಿಷಯ ಓದತೊಡಗಿದೆ. ಕೆರೆಯ ನೀರು ಮೊದಲ ಚಕ್ರದ ಕಣ್ಣಿಗೆ ಬರುವಾಗ ಇನ್ನೂ ಅರೆನಿದ್ದೆಯಲ್ಲಿರುತ್ತದೆ, ಮೈಮೇಲೆ ಆಕಾಶದ ನೆರಳು ಇರುತ್ತದೆ ಎಂದು ಓದಿದೆ. ಮೊದಲ ಚಕ್ರ ಅದನ್ನು ಎಬ್ಬಿಸುತ್ತದೆ, ಎರಡನೆಯದು ಅದಕ್ಕೆ ಹೋಗಬೇಕಾದ ಊರು ಹೇಳುತ್ತದೆ ಎಂದೆ. ಬಾಯಿಗೆ ಎಲ್ಲಿಂದ ಬಂತೋ ಕಾಣೆ. ಖಾಲಿ ಹಾಳೆಯ ಮೇಲೆ ಕಣ್ಣು ಓಡಿಸುತ್ತಾ ಕೊನೆಯವರೆಗೂ ಹೋಗಿ, ಇಂತು ತೋಂಟದಾರ್ಯ ಎಂದು ಮುಗಿಸಿದೆ.

"ಈ ಸಲ ಚೆಂದಾಗ್ ಬರ್ದವ್ನೆ ಕಣೇ," ಎಂದಳು ಅಜ್ಜಿ.

ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ಏನಾಯಿತು ಹೇಳಿ. ಗಟ್ಟಿಯಾಗಿ ಓದುವಂಥದ್ದನ್ನೇ ಬರೆಯಿರಿ ಎಂದಿದ್ದೆ, ಆ ಮಾತು ಬಿಡಿ. ನೀವು ಏನು ಬೇಕಾದರೂ ಬರೆಯಿರಿ. ಇವರಿಗೆ ಓದಿ ಹೇಳಲು ಬೇರೊಂದು ಕಾಗದ ನನ್ನ ಬಾಯಲ್ಲೇ ಇದೆ.

ಗಿರಿಜಾ


ತಿಪಟೂರು
೨೮ ಮಾರ್ಚ್ ೧೯೮೪

ಗಿರಿಜಾ,

ನಿನ್ನ ಕಾಗದ ಬಂದ ಮೇಲೆ ಬರೆಯದೆ ಇರಲು ಆಗಲಿಲ್ಲ.

ಊರ ಹೊರಗೆ ಕೆರೆಯ ಕಡೆಗೆ ಒಂದು ಹಳೆಯ ಕೊಬ್ಬರಿ ಗೋದಾಮು ಇದೆ. ಮಧ್ಯಾಹ್ನ ಅದರ ಅಂಗಳದ ಮಟ್ಟೆ ರಾಶಿಗೆ ಬೆಂಕಿ ಬಿತ್ತು. ನಾವು ಹೋದಾಗ ಅಂಗಳ ಪೂರ್ತಿ ಉರಿಯುತ್ತಿತ್ತು. ಕೆರೆಗೆ ಪೈಪು ಇಳಿಸಿ ಎರಡೂ ಚಕ್ರ ಅಕ್ಕಪಕ್ಕ ಓಡುವಂತೆ ಇಟ್ಟೆ. ನೀರು ಧಾರಾಳವಾಗಿ ಬೀಳುತ್ತಿತ್ತು. ಇನ್ನೇನು ಹಿಡಿತಕ್ಕೆ ಬಂತು ಎನ್ನುವಾಗ ಹೆಂಗಸರು ಕೂಗಿಕೊಂಡು ಬಂದರು. ಒಳಗೆ ಮಾಳಿಗೆಯ ಅಟ್ಟದ ಮೇಲೆ ಹುಚ್ಚರಂಗಯ್ಯ ಇದ್ದಾನೆ ಎಂದರು. ಕೊಬ್ಬರಿ ಆರಿಸುವ ಮುದುಕ, ಉಂಡು ಅಲ್ಲೇ ಮಲಗಿದ್ದನಂತೆ. ಬೆಂಕಿ ಆಗಲೇ ಅಟ್ಟದ ಆಚೆ ತುದಿಗೆ ಹತ್ತಿತ್ತು.

ಲಿಯಾಕತ್ ಒದ್ದೆ ಗೋಣಿ ಹೊದ್ದುಕೊಂಡು ಪೈಪು ಎಳೆದುಕೊಂಡು ಮೆಟ್ಟಿಲು ಹತ್ತಿದ. ಪೈಪು ಉದ್ದವಾಯಿತು, ಮೇಲಕ್ಕೂ ಹೋಯಿತು. ನೀರು ಅಟ್ಟದ ಆಚೆ ತುದಿ ಮುಟ್ಟದೆ ನಡುವೆಯೇ ಬಿದ್ದುಹೋಗುತ್ತಿದೆ ಎಂದು ಒಳಗಿಂದ ಕೂಗು ಬಂತು. ಹಿಡಿ ತಿರುಗಿಸಲೇಬೇಕಿತ್ತು. ತಿರುಗಿಸಬೇಕಾದರೆ ಇಂಜಿನ್ನು ತಗ್ಗಿಸಬೇಕು. ಬಾಗಿಲಲ್ಲಿ ನಿಂತು ಸನ್ನೆ ಮಾಡಬೇಕಾದವನು ಹೊಗೆಯಲ್ಲಿ ಕಾಣಲಿಲ್ಲ. ಸೀಟಿ ಊದಿದೆ. ಚಿಪ್ಪುಗಳು ಸಿಡಿಯುವ ಸದ್ದಿನಲ್ಲಿ ನನ್ನ ಸೀಟಿ ನನಗೇ ಕೇಳಿಸಲಿಲ್ಲ.

ತಗ್ಗಿಸಿದೆ.

ಮುಳ್ಳು ಇಳಿಯುವುದನ್ನು ನೋಡುತ್ತಾ ನಿಂತಿದ್ದೆ. ಆ ಹೊತ್ತು ಲೋಕದಲ್ಲಿ ಯಾವ ಸದ್ದೂ ಇರಲಿಲ್ಲ. ಕೆರೆಯ ಮೇಲೆ ಒಂದು ಬೆಳ್ಳಕ್ಕಿ ರೆಕ್ಕೆ ಬಡಿಯದೆ ಹೋಯಿತು. ಹಿಡಿ ತಿರುಗಿಸಿದೆ. ಏರಿಸಿದೆ. ಪೈಪು ಕಲ್ಲಿನ ಹಾಗೆ ಬಿಗಿಯಾಯಿತು.

ಲಿಯಾಕತ್ ಮುದುಕನನ್ನು ಹೊತ್ತುಕೊಂಡು ಹೊರಗೆ ಬಂದ. ಹುಚ್ಚರಂಗಯ್ಯನಿಗೆ ಹೊಗೆ ಕುಡಿದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಲಿಯಾಕತ್‌ನ ಬಲಗೈ, ತೋಳು, ಬೆನ್ನು ಸುಟ್ಟಿದ್ದವು. ನೀರು ಮೆತ್ತಗಾದಾಗ ಉರಿ ಅವರ ಕಡೆಗೆ ತಿರುಗಿತಂತೆ. ಈಗ ಅವನು ತುಮಕೂರಿನ ಆಸ್ಪತ್ರೆಯಲ್ಲಿದ್ದಾನೆ.

ನೀನು ಮಾಡಿದ್ದು ಸರಿ ಎಂದು ಸಾಹೇಬರು ಹೇಳಿದರು. ಎಲ್ಲರೂ ಹೇಳುತ್ತಾರೆ. ನಾನು ಅವನನ್ನು ನೋಡಲು ಹೋಗಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಹೋಗಿ ವಾಪಸು ಬಂದೆ. ಅಫ್ಸರ್ ಬಾನು ಮನೆಗೆ ಬೀಗ ಹಾಕಿಕೊಂಡು ಅಲ್ಲಿಗೇ ಹೋಗಿದ್ದಾರೆ. ಆ ಬೀಗ ನೋಡಿಕೊಂಡು ದಿನಾ ಒಳಗೆ ಹೋಗುತ್ತೇನೆ. ಮಲಗಿದರೆ ಮುಳ್ಳು ಇಳಿಯುತ್ತದೆ. ನಿದ್ದೆ ಎಂಬುದು ನನ್ನ ಕಣ್ಣು ಬಿಟ್ಟು ಹೋಗಿದೆ. ಪಂಪು ಬೇಡ, ಠಾಣೆಯಲ್ಲಿ ಟೆಲಿಫೋನಿನ ಹತ್ತಿರ ಹಾಕಿ ಎಂದು ಸಾಹೇಬರನ್ನು ಕೇಳಿಕೊಂಡಿದ್ದೇನೆ.

ಹೆರಿಗೆ ಹತ್ತಿರವಿರುವಾಗ ನಿನಗೆ ಇದನ್ನೆಲ್ಲ ಬರೆಯಬಾರದಿತ್ತು.

ತೋಂಟದಾರ್ಯ


ತುಮಕೂರ ಆಸ್ಪತ್ರೆಯಿಂದ
೬ ಏಪ್ರಿಲ್ ೧೯೮೪

ತಂಗಿ ಗಿರಿಜಮ್ಮನಿಗೆ ಲಿಯಾಕತ್ ಅಲಿಯ ಸಲಾಂ.

ಅಕ್ಷರ ಹೆಂಡತಿ ಅಫ್ಸರ್ ಬಾನುವಿನದು, ಮಾತು ನನ್ನದು. ನಡುವೆ ಕೆಲವು ಬೈಗುಳ ಹೇಳಿದ್ದೆ, ಅವನ್ನೆಲ್ಲ ಬಿಟ್ಟಿದ್ದಾಳೆ.

ನೀವು ಕಾರ್ಡು ಬರೆದು ನನ್ನ ಕೈ ಹೇಗಿದೆ ಎಂದು ಕೇಳಿದಿರಿ, ನಿಮ್ಮೆಜಮಾನರ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಆದರೆ ಕೇಳಿದ ಹಾಗೇ ಇತ್ತು. ಅದಕ್ಕೇ ಹೇಳುತ್ತೇನೆ.

ಕೈ ವಾಸಿಯಾಗುತ್ತಿದೆ. ಎರಡು ಬೆರಳು ಮಡಚಲು ಬರುವುದಿಲ್ಲ, ಇನ್ನು ಬರಲಿಕ್ಕೂ ಇಲ್ಲ ಎಂದರು ಡಾಕ್ಟರು. ಬೆನ್ನು ಪರವಾಗಿಲ್ಲ.

ಅವತ್ತು ಅಟ್ಟದ ಮೇಲೆ ಹುಚ್ಚರಂಗಯ್ಯ ಕೊಬ್ಬರಿ ರಾಶಿಯ ಹಿಂದೆ ಕೂತುಬಿಟ್ಟಿದ್ದ. ಬಾ ಎಂದರೆ, "ಎಲ್ಲಿಗಪ್ಪಾ?" ಎನ್ನುತ್ತಾನೆ, ಕನಸಿನಲ್ಲಿ ಇರುವವನ ಹಾಗೆ. ಅವನಿಗೂ ನನಗೂ ನಡುವೆ ಉರಿ. ನೀರು ಅಲ್ಲಿಗೆ ಮುಟ್ಟುತ್ತಿಲ್ಲ. ಅಷ್ಟರಲ್ಲಿ ನನ್ನ ಕೈಯಲ್ಲಿ ಪೈಪು ಮೆತ್ತಗಾಯಿತು. ಸೀಟಿ ಗೀಟಿ ಏನೂ ಕೇಳಿಸಲಿಲ್ಲ. ಆದರೆ ತೋಂಟ ಹಿಡಿ ತಿರುಗಿಸುತ್ತಿದ್ದಾನೆ ಎಂದು ಕೈಗೆ ಗೊತ್ತಾಯಿತು. ಅಭ್ಯಾಸದಲ್ಲಿ ಎಷ್ಟು ಸಲ ಆಗಿಲ್ಲ? ಮುಖ ನೆಲಕ್ಕೆ ಹಾಕಿ ಮಲಗಿದೆ, ಗೋಣಿ ಮೇಲೆ ಎಳೆದುಕೊಂಡೆ. ಪೈಪು ಬಿಡಬಾರದಲ್ಲ, ಬಲಗೈ ಹೊರಗೇ ಇತ್ತು. ಸುಟ್ಟದ್ದು ಆಗಲೇ. ಅದು ನಿಜ, ಸುಳ್ಳು ಹೇಳಲ್ಲ. ಆಮೇಲೆ ನೀರು ಬಂತು ನೋಡಿ! ಉರಿಯನ್ನು ಸೀಳಿಕೊಂಡು ಗೋಡೆಗೆ ಹೊಡೆಯಿತು. ಆ ದಾರಿಯಲ್ಲೇ ಹೋಗಿ ಮುದುಕನನ್ನು ಎತ್ತಿದೆ. ಆ ನೀರು ಬರದಿದ್ದರೆ ನಾವಿಬ್ಬರೂ ಅಲ್ಲೇ. ಇದೂ ನಿಜ. ಎರಡೂ ನಿಜ ತಂಗಿ, ಒಂದನ್ನು ಹಿಡಿದು ಇನ್ನೊಂದನ್ನು ಒರೆಸಲು ಬರುವುದಿಲ್ಲ.

ನಾನು ಇಲ್ಲಿ ಬಾಗಿಲು ನೋಡಿಕೊಂಡು ಮಲಗಿದ್ದೇನೆ. ಯಾರ್ಯಾರೋ ಬರುತ್ತಾರೆ, ಹುಚ್ಚರಂಗಯ್ಯನೂ ಒಂದು ಚೀಲ ಕೊಬ್ಬರಿ ಹೊತ್ತುಕೊಂಡು ಬಂದ. ಅವನೊಬ್ಬ ಬರುವುದಿಲ್ಲ. ನನ್ನ ಕೈ ಸುಟ್ಟದ್ದು ಅಷ್ಟು ನೋಯಲಿಲ್ಲ.

ನೀವು ಹೇಳಿದರೆ ಬರುತ್ತಾನೆ.

ನಿಮ್ಮ ಅಣ್ಣ
ಲಿಯಾಕತ್ ಅಲಿ

ಗಿರಿಜಕ್ಕ, ಇದು ನನ್ನ ಮಾತು: ಕೂಸು ಹುಟ್ಟಿದ ತಕ್ಷಣ ತಿಳಿಸಿ. ಕುಲಾವಿ ಹೊಲಿದಿದ್ದೇನೆ. – ಅಫ್ಸರ್ ಬಾನು


ತಿಪಟೂರು
೧೫ ಏಪ್ರಿಲ್ ೧೯೮೪

ಗಿರಿಜಾ,

ನೀನು ನಿನ್ನ ಮಾತೊಂದೂ ಸೇರಿಸದೆ ಅವನ ಕಾಗದವನ್ನಷ್ಟೇ ಲಕೋಟೆಗೆ ಹಾಕಿ ಕಳಿಸಿದೆ. ಮಾರನೆಯ ದಿನವೇ ತುಮಕೂರಿಗೆ ಹೋದೆ.

ಅವನು ಗೋಡೆಗೆ ಒರಗಿ ಕೂತಿದ್ದ. ಮುಂದೆ ಊಟದ ತಟ್ಟೆ. ನನ್ನನ್ನು ನೋಡಿ, "ಬಂದೇನ್ಲಾ?" ಎಂದ. ಬಂದೆ ಎಂದೆ. "ಬಾ, ಅನ್ನ ಕಲ್ಸು. ಬಾನು ಔಷಧಿ ತರಕ್ಕೆ ಹೋಗವ್ಳೆ, ಹಸಿವಾಗೈತೆ," ಎಂದ. ನಾನು ಕೈ ತೊಳೆದುಕೊಂಡು ಬಂದು ಅನ್ನ ಸಾರು ಕಲಸಿದೆ. ತುತ್ತು ಮಾಡಿ ಅವನ ಬಾಯಿಗೆ ಇಟ್ಟೆ. ಹುಟ್ಟಿದಾಗಿನಿಂದ ನಾನು ಯಾರಿಗೂ ತುತ್ತು ಕೊಟ್ಟವನಲ್ಲ. ಮೊದಲನೆಯದು ದೊಡ್ಡದಾಯಿತು, ಎರಡನೆಯದು ಚೆಲ್ಲಿತು.

"ಬೈಯೋ," ಎಂದೆ.

"ಬಾಯ್ ತುಂಬ ಅನ್ನ ತುರ್ಕ್‌ಬುಟ್ಟು ಬೈ ಅಂತೀಯಲ್ಲಪ್ಪ," ಎಂದ.

ಇಬ್ಬರಿಗೂ ನಗು ಬಂತು. ನನಗೆ ಬಂದದ್ದು ನಗುವಾಗಿ ನಿಲ್ಲಲಿಲ್ಲ. ಅವನು ಎಡಗೈಯನ್ನು ನನ್ನ ತಲೆಯ ಮೇಲೆ ಇಟ್ಟು ಕಿಟಕಿಯಾಚೆ ನೋಡುತ್ತಿದ್ದ. ಹೊರಡುವಾಗ, "ಟೆಲಿಫೋನ್ ಹತ್ರ ಕೂತ್ಕಂಡು ಏನ್ ಮಾಡ್ತೀಯ? ಮಾತೇ ಬರಲ್ಲ ನಿಂಗೆ," ಎಂದ.

ಸಾಹೇಬರಿಗೆ ಕೊಟ್ಟ ಅರ್ಜಿ ವಾಪಸು ತೆಗೆದುಕೊಂಡೆ. ನಿನ್ನೆ ಅಭ್ಯಾಸದಲ್ಲಿ ಪಂಪಿನ ಹತ್ತಿರ ನಿಂತೆ. ಮುಂದೆ ಪೈಪು ಹಿಡಿದದ್ದು ಹೊಸಬ. ಇಂಜಿನ್ನು ತಗ್ಗಿಸಿ ಹಿಡಿಗೆ ಕೈ ಹಾಕಿದೆ. ತಿರುಗಿಸಿದೆ.

ನಿದ್ದೆ ಇನ್ನೂ ಬಂದಿಲ್ಲ. ರಜೆ ಸಿಕ್ಕಿದ ತಕ್ಷಣ ಬರುತ್ತೇನೆ. ನಿನಗೆ ಹೇಳಬೇಕಾದದ್ದು ತುಂಬ ಇದೆ. ಬಂದು ಎಲ್ಲ ಬಾಯಲ್ಲೇ ಹೇಳುತ್ತೇನೆ.

ಇಂತು ನಿನ್ನ
ತೋಂಟದಾರ್ಯ


ಸಂಪಿಗೆ
೯ ಮೇ ೧೯೮೪

ನನ್ನ ಯಜಮಾನರಿಗೆ,

ಮೊದಲ ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ನಿಮಗೆ ಏನೂ ತಿಳಿಯಲಿಲ್ಲ. ನೀವು ಇಲ್ಲಿದ್ದಾಗ ಏನೇನಾಯಿತೆಂದು ನಾನೇ ಬರೆಯುತ್ತೇನೆ.

ನೀವು ಮಧ್ಯಾಹ್ನ ಬಂದಿರಿ. ಕಾಲು ತೊಳೆದುಕೊಂಡು ಬಾಣಂತಿ ಕೋಣೆಯ ಹೊಸ್ತಿಲ ಹತ್ತಿರ ಕೂತಿರಿ. ನನ್ನ ಮುಖ ನೋಡಿ, "ಗಿರಿಜಾ," ಎಂದಿರಿ. ಎಷ್ಟೋ ಹೇಳುವವರ ಹಾಗೆ ಉಸಿರು ಎಳೆದುಕೊಂಡಿರಿ. ಅಷ್ಟರಲ್ಲಿ ಅಜ್ಜಿ ಬಂದು, "ಹಿಡ್ಕಳಪ್ಪ, ನಿನ್ ಮಗಳು," ಎಂದು ಕೂಸನ್ನು ನಿಮ್ಮ ಎದೆಗೆ ಆನಿಸಿಬಿಟ್ಟಳು. ನೀವು ಗೋಡೆಗೆ ಒರಗಿದಿರಿ. ಕೂಸಿನ ನೆತ್ತಿ ಮೂಸಿದಿರಿ. ನಾನು ನೋಡುತ್ತಿದ್ದ ಹಾಗೇ ನಿಮ್ಮ ಕಣ್ಣು ಮುಚ್ಚಿಕೊಂಡವು.

ಮೊದಲು ನನಗೆ ಭಯವಾಯಿತು, ಕೂಸು ಜಾರೀತು ಎಂದು. ಆದರೆ ನಿಮ್ಮ ಕೈ ಎರಡೂ ಅವಳ ಸುತ್ತ ಬಿಗಿಯಾಗಿ ಕೂತಿದ್ದವು. ನಿದ್ದೆಯಲ್ಲೂ ಬಿಡಲಿಲ್ಲ. ಅವ್ವ ಊಟಕ್ಕೆ ಎಬ್ಬಿಸಲು ಬಂದವಳು ಬಾಯಿಗೆ ಸೆರಗು ಹಿಡಿದು ಹಿಂದಕ್ಕೆ ಹೋದಳು. ಅಜ್ಜಿ ಹೊಸ್ತಿಲಾಚೆ ಕಾವಲು ಕೂತಳು. ಅಳಿಯ ಬಂದಿದ್ದಾರೆಂದು ನೋಡಲು ಬಂದ ಬೀದಿಯವರನ್ನೆಲ್ಲ ಬೆರಳು ತೋರಿಸಿ ಸುಮ್ಮನಾಗಿಸಿದಳು. ಅವರು ತುದಿಗಾಲಲ್ಲಿ ಬಂದು, ನೀವು ಮಲಗಿರುವುದನ್ನು ನೋಡಿಕೊಂಡು, ತುದಿಗಾಲಲ್ಲೇ ಹೋದರು. ಗುಡಿಯ ಗಂಟೆ ಹೊಡೆಯಿತು, ನಿಮಗೆ ಎಚ್ಚರವಾಗಲಿಲ್ಲ. ಮಗಳು ಒದ್ದೆ ಮಾಡಿದಳು, ಆಗಲೂ ಎಚ್ಚರವಿಲ್ಲ. ಹಾಲಿಗೆ ಅತ್ತಾಗ ಮೆಲ್ಲಗೆ ತೆಗೆದುಕೊಂಡೆ. ಕುಡಿದ ಮೇಲೆ ಮತ್ತೆ ಅಲ್ಲೇ ಇಟ್ಟೆ. ನಿಮ್ಮ ಕೈ ತಾನಾಗಿ ಜಾಗ ಮಾಡಿಕೊಟ್ಟಿತು. ನೀವು ವಾಪಸು ಹೋಗಬೇಕಿದ್ದ ಸಂಜೆಯ ಬಸ್ಸು ಮೂಲೆಯಲ್ಲಿ ಹಾರನ್ ಹೊಡೆದಾಗ ಅಪ್ಪನೇ ಓಡಿಹೋಗಿ, "ನೀವ್ ಹೊರಡಿ ಕಣ್ರೀ. ನಮ್ಮಳಿಯಂದ್ರು ನಿದ್ದೆ ಮಾಡ್ತಾವ್ರೆ," ಎಂದು ಕಂಡಕ್ಟರನಿಗೆ ಹೇಳಿ ಕಳಿಸಿದರು. ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದರು.

ನೀವು ಮಲಗಿರುವುದನ್ನು ನಾನು ಅಷ್ಟು ಹೊತ್ತು ಎಂದೂ ನೋಡಿರಲಿಲ್ಲ. ತಿಪಟೂರಿನಲ್ಲಿ ನಾನು ಏಳುವ ಮೊದಲೇ ಎದ್ದಿರುತ್ತಿದ್ದಿರಿ. ನಿದ್ದೆಯಲ್ಲಿ ನಿಮ್ಮ ಹುಬ್ಬಿನ ನಡುವಿನ ಗೆರೆ ಮೊದಲು ಇತ್ತು, ಬಿಸಿಲು ಇಳಿಯುವ ಹೊತ್ತಿಗೆ ಇರಲಿಲ್ಲ. ಅದು ಯಾವಾಗ ಹೋಯಿತೆಂದು ಹಿಡಿಯಲು ಕಾದು ಕೂತಿದ್ದೆ. ಆದರೂ ತಪ್ಪಿಹೋಯಿತು.

ನೀವು ಹೇಳಬೇಕೆಂದು ಬಂದದ್ದು ಏನೆಂದು ನನಗೆ ಗೊತ್ತಿಲ್ಲ. ಕೇಳುವ ಅವಸರವೂ ಇಲ್ಲ.

ಮಗಳು ನಿಮ್ಮ ಅಂಗಿಯ ಎರಡನೆಯ ಗುಂಡಿ ಹಿಡಿದುಕೊಂಡಿದ್ದಳು. ದಾರ ಸಡಿಲವಾಗಿತ್ತೋ ಏನೋ, ಬೆಳಿಗ್ಗೆ ನೀವು ಎದ್ದಾಗ ಅದು ಅವಳ ಮುಷ್ಟಿಯಲ್ಲೇ ಉಳಿಯಿತು. ನೀವು ಎದೆ ತೆರೆದುಕೊಂಡೇ ಬಸ್ಸು ಹತ್ತಿರುತ್ತೀರಿ. ಗುಂಡಿಯನ್ನು ಬಿಡಿಸಿ ತೆಗೆದಿಟ್ಟಿದ್ದೇನೆ. ಆ ಅಂಗಿಯನ್ನೇ ಹಾಕಿಕೊಂಡು ಬನ್ನಿ.

ನಿಮ್ಮ
ಗಿರಿಜಾ